ಇಡ್ಡಲಿಗೆಯೂ ಶುದ್ಧಿವಾದವೂ

ಇಡ್ಡಲಿಯು ಕಡಲನ್ನು ದಾಟಿ ಹೋಯಿತು. ಅಲ್ಲಿಯ ಜನರು ಅಕ್ಕಿಗೆ ಬದಲಾಗಿ ಓಟ್ಸನ್ನೂ ಕಿನೋವಾವನ್ನೂ ಹಾಕಿ ಬೇಯಿಸುವರು. ಇದರಿಂದ ನಮ್ಮ ಪೂರ್ವಿಕರ ಪಾಕವು ಕೆಟ್ಟಿತೆಂದು ನಮ್ಮಲ್ಲಿ ಕೆಲವರು ಬಹಳವಾಗಿ ಮರುಗುತ್ತಿರುವರು. ಈ ಮಹನೀಯರ ಅಭಿಮಾನವನ್ನು ನಾವು ಗೌರವಿಸುವೆವು. ಅವರ ವಾದವನ್ನು ಮಾತ್ರ ಒಪ್ಪಲಾರೆವು.

ಪೂರ್ವಿಕರ ಪಾಕವೆಂದರೆ ಯಾವುದು? ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ಯ ಹೆಸರು ಬಂದಿರುವುದು. ಎರಡನೆಯ ಚಾವುಂಡರಾಯನು ಕ್ರಿ. ಶ. ೧೦೨೫ರ ಸುಮಾರಿನಲ್ಲಿ ರಚಿಸಿದ ಲೋಕೋಪಕಾರದಲ್ಲಿ ಅದನ್ನು ಮಾಡುವ ಕ್ರಮವೇ ಉಂಟು: ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಟ್ಟು, ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಜೀರಿಗೆ, ಕೊತ್ತುಂಬರಿ, ಮೆಣಸು, ಇಂಗುಗಳನ್ನೂ ಕೂಡಿಸುವುದು. ಅಲ್ಲಿ ಅಕ್ಕಿಯ ಮಾತೇ ಇಲ್ಲ! ಅಕ್ಕಿಯನ್ನು ಬಿಟ್ಟುದು ಅಪಚಾರವಾದರೆ ಮೊದಲನೆಯ ಅಪರಾಧಿಯು ಚಾವುಂಡರಾಯನೇ ಆಗಬೇಕಾಗುವುದು.

ಇನ್ನು ಚಟ್ನಿಗೆ ಹಾಕುವ ಮೆಣಸಿನಕಾಯಿಯನ್ನು ನೋಡೋಣ. ಅದು ಅಮೆರಿಕಾ ಖಂಡದ ಬೆಳೆ. ೧೪೯೮ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದ ಬಳಿಕ ಪೋರ್ತುಗೀಸರ ಮೂಲಕ ನಮ್ಮ ದೇಶವನ್ನು ಸೇರಿತು. ಹಾಗೆ ಬಂದುದೇ ಬ್ಯಾಡಗಿಯ ಸೀಮೆಯಲ್ಲಿ ನೆಲೆನಿಂತು, ಆ ಊರಿನ ಹೆಸರನ್ನೇ ಹೊತ್ತು, ೨೦೧೧ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯನ್ನೂ ಪಡೆಯಿತು. ಪರರದನ್ನು ಇಷ್ಟರ ಮಟ್ಟಿಗೆ ನಮ್ಮದನ್ನಾಗಿ ಮಾಡಿಕೊಂಡ ನಾವು, ನಮ್ಮದನ್ನು ಪರರು ತಮ್ಮದನ್ನಾಗಿ ಮಾಡಿಕೊಂಡರೆ ಮುನಿಯುವುದು ನ್ಯಾಯವೇ?

ಹಾಗಾದರೆ ಮಾರ್ಪಾಡೆಲ್ಲವೂ ಒಳ್ಳೆಯದೋ ಎಂದು ವಾಚಕರು ಕೇಳಬಹುದು. ಹಾಗೆಂದು ನಾವು ಎಂದಿಗೂ ಹೇಳೆವು. ಅಡುಗೆ ಬಲ್ಲ ಕೈಯು ಮಾಡುವ ಮಾರ್ಪಾಡು ಬೇರೆ, ಕಾರ್ಖಾನೆಯು ಮಾಡುವ ಮಾರ್ಪಾಡು ಬೇರೆ. ಚಳಿಗಾಲದಲ್ಲಿ ಹಿಟ್ಟು ತಡವಾಗಿ ಹುಳಿಯುವುದೆಂಬುದನ್ನರಿತ ಗೃಹಿಣಿಯು ಪಾತ್ರೆಯನ್ನು ಒಲೆಯ ಬಳಿಯಲ್ಲಿರಿಸುವಳು. ಕರಾವಳಿಯವರು ಹಿಟ್ಟನ್ನು ಹಲಸಿನೆಲೆಯ ಕೊಟ್ಟೆಯಲ್ಲಿ ಹೊಯ್ದು ಕಡುಬು ಮಾಡುವರು. ತುಮಕೂರಿನ ಕಡೆಯವರು ಅಗಲವಾದ ತಟ್ಟೆಯಲ್ಲಿ ಹೊಯ್ಯುವರು. ಹೀಗೆ ಊರಿಗೊಂದು ರೂಪ, ಮನೆಗೊಂದು ರುಚಿ. ಪೊಟ್ಟಣದ ಒಣಹಿಟ್ಟಾದರೋ ಸೋಡಾದ ಬಲದಿಂದ ಕ್ಷಣದಲ್ಲಿ ಉಬ್ಬುವುದು. ಅದಕ್ಕೆ ಋತುವೂ ಇಲ್ಲ, ಊರೂ ಇಲ್ಲ. ಪರದೇಶದಲ್ಲಿ ಒಂಟಿಯಾಗಿರುವವನಿಗೆ ಅದು ಉಪಕಾರವೇ ಸರಿ. ಮನೆಯಲ್ಲಿ ಅಕ್ಕಿ ಉದ್ದುಗಳೂ ಅರೆಯುವ ಸಾಧನವೂ ಇರುವವರು ಸಹ ಅದಕ್ಕೆ ಕೈಯೊಡ್ಡಿದರೆ, ಒಂದು ತಲೆಮಾರಿನಲ್ಲಿಯೇ ಆ ಕೈಯ ತಿಳಿವಳಿಕೆಯು ಅಳಿದುಹೋಗುವುದು. ಕಡಲಾಚೆಯ ಕಿನೋವಾ ನಮ್ಮಿಂದ ಏನನ್ನೂ ಕಸಿದುಕೊಳ್ಳಲಿಲ್ಲ. ನಮ್ಮ ಮನೆಯ ಮರೆವು ಕಸಿದುಕೊಳ್ಳುತ್ತಿದೆ.

ಚಾವುಂಡರಾಯನು ಅಂದು ಬರೆದಿಡದಿದ್ದರೆ ಆ ಇಡ್ಡಲಿಗೆಯ ಬಗೆಯು ಇಂದು ನಮಗೆ ತಿಳಿಯುತ್ತಿತ್ತೇ? ಆದುದರಿಂದ ಶುದ್ಧಿಯ ಕಲಹವನ್ನು ಬಿಟ್ಟು, ಪ್ರತಿಯೊಬ್ಬ ವಾಚಕರೂ ತಮ್ಮ ಮನೆಯ ಹಿರಿಯ ಹೆಂಗಸರ ಬಳಿ ಕುಳಿತು, ಅಳತೆಯೆಷ್ಟು, ನೆನೆಯುವ ಹೊತ್ತೆಷ್ಟು, ಯಾವ ಎಲೆ, ಯಾವ ಕಾಳು ಎಂಬುದನ್ನು ಕೇಳಿ ಬರೆದಿಡಬೇಕು. ಅದರದೊಂದು ಪ್ರತಿಯನ್ನು ಕಡಲಾಚೆಯ ಮೊಮ್ಮಕ್ಕಳಿಗೂ ಕಳುಹಿಸಲಿ. ಅವರು ಅದಕ್ಕೆ ಏನನ್ನು ಬೇಕಾದರೂ ಬೆರೆಸಿಕೊಳ್ಳಲಿ. ಯಾವುದಕ್ಕೆ ಬೆರೆಸುತ್ತಿರುವೆವೆಂಬುದು ಅವರಿಗೆ ತಿಳಿದಿದ್ದರೆ ಸಾಕು.