ಅನಿಮೇಷನ್ ಚಿತ್ರಗಳೂ ಕನ್ನಡದ ಮನೆಗಳೂ

ನಮ್ಮ ಊರಿನ ವಿದ್ಯಾವಂತರಲ್ಲಿ ಒಂದು ವಾದವು ಬಹುಕಾಲದಿಂದ ಪ್ರಚಾರದಲ್ಲಿದೆ. ಕುಂಚದಿಂದಲೋ ಕಂಪ್ಯೂಟರಿನಿಂದಲೋ ಬರೆದ ಆಕೃತಿಗಳು ಬೆಳ್ಳಿಯ ತೆರೆಯ ಮೇಲೆ ನಡೆದಾಡಿ ಮಾತಾಡುವ ಚಿತ್ರಗಳು, ಎಂದರೆ ಜನರು ಕಾರ್ಟೂನೆಂದೂ ಅನಿಮೇಷನ್ನೆಂದೂ ಕರೆಯುವ ಚಿತ್ರಗಳು, ಕೇವಲ ಮಕ್ಕಳಾಟಿಕೆ; ಅವುಗಳಲ್ಲಿ ರಸವಿಲ್ಲ; ಪ್ರೌಢರು ಅವನ್ನು ನೋಡಿ ಸಂತೋಷಪಡುವುದು ಬುದ್ಧಿ ಬಲಿಯದಿರುವುದಕ್ಕೆ ಗುರುತು; ಪರದೇಶದಿಂದ ಬಂದ ಅಂತಹ ಚಿತ್ರಗಳನ್ನು ಕನ್ನಡದಲ್ಲಿ ಮಾತಾಡಿಸುವುದಂತೂ ಕನ್ನಡದ ಕಲೆಗೇ ದ್ರೋಹ. ಇದೇ ಆ ವಾದದ ಸಾರಾಂಶ. ಇದನ್ನು ಹೇಳತಕ್ಕವರು ಸಾಮಾನ್ಯರಲ್ಲ. ಸಾಹಿತ್ಯವನ್ನು ಬಲ್ಲವರು, ಸಭೆಗಳಲ್ಲಿ ಮನ್ನಣೆ ಪಡೆದವರು. ಅವಿವೇಕಿಗಳ ಮಾತಾಗಿದ್ದರೆ ಸುಮ್ಮನಿರಬಹುದಾಗಿತ್ತು. ವಿವೇಕಿಗಳ ಮಾತಾದ್ದರಿಂದಲೇ ಉತ್ತರ ಹೇಳಬೇಕಾಗಿದೆ.

ನನ್ನ ಪಕ್ಷವನ್ನು ಮೊದಲೇ ತಿಳಿಸಿಬಿಡುತ್ತೇನೆ. ಜನರು ಈ ಚಿತ್ರಗಳನ್ನು ಪ್ರೀತಿಸುವುದಕ್ಕೆ ಕಾರಣವು ಬಣ್ಣವಲ್ಲ, ಯಂತ್ರದ ಚಮತ್ಕಾರವೂ ಅಲ್ಲ. ಅಜ್ಜಿಯೂ ಮೊಮ್ಮಗುವೂ ಒಂದೇ ಸಾಲಿನಲ್ಲಿ ಕುಳಿತು, ಒಂದೇ ಕ್ಷಣದಲ್ಲಿ ನಕ್ಕು, ಒಂದೇ ಕ್ಷಣದಲ್ಲಿ ಕಣ್ಣೊರಸಿಕೊಳ್ಳುವುದಕ್ಕೆ ಈ ಕಾಲದಲ್ಲಿ ಉಳಿದಿರುವ ಕೆಲವೇ ಸ್ಥಳಗಳಲ್ಲಿ ಇದೊಂದು. ಆ ಸ್ಥಳದಲ್ಲಿ ಕನ್ನಡವಿಲ್ಲದಿದ್ದರೆ ಅಜ್ಜಿಗೆ ಅಲ್ಲಿ ಎಡೆಯಿಲ್ಲ. ಇನ್ನು ಪೂರ್ವಪಕ್ಷವನ್ನು ಒಂದೊಂದಾಗಿ ಪರೀಕ್ಷಿಸೋಣ.

ಮಕ್ಕಳಾಟಿಕೆಯೆಂಬುದು ಮೊದಲನೆಯ ಆಕ್ಷೇಪ. ಇದನ್ನು ಮತ್ತಾವ ಊರಿನವರಾದರೂ ಹೇಳಬಹುದು, ಮೈಸೂರಿನವರು ಹೇಳಬಾರದು. ನವರಾತ್ರಿಯ ಪಾಡ್ಯದ ದಿನ ಅಟ್ಟದಿಂದ ಪೆಟ್ಟಿಗೆಯನ್ನಿಳಿಸಿ, ಪಟ್ಟದ ಬೊಂಬೆಗಳನ್ನು ಮೆಟ್ಟಿಲ ಮೇಲೆ ಕೂರಿಸಿ, ಒಂಬತ್ತು ದಿನ ಆರತಿಯೆತ್ತಿ, ನೆರೆಹೊರೆಯ ಮಕ್ಕಳಿಗೆ ಬೊಂಬೆ ಬಾಗಿನವನ್ನು ಹಂಚುವವರು ನಾವು. ಮರದ ರಾಜರಾಣಿಯರ ಮುಂದೆ ಎಪ್ಪತ್ತು ವರ್ಷದ ಮುತ್ತೈದೆಯರು ಹಾಡು ಹೇಳುವುದನ್ನು ಯಾರೂ ಮಕ್ಕಳಾಟಿಕೆ ಎನ್ನುವುದಿಲ್ಲ. ತೊಗಲುಬೊಂಬೆಯಾಟವೋ? ದೀಪದ ಬೆಳಕು, ಬಿಳಿಯ ತೆರೆ, ಬಣ್ಣ ಬಳಿದ ಆಕೃತಿ, ಅದನ್ನು ಕುಣಿಸುವ ಕೈ, ಅದರ ಪರವಾಗಿ ಮಾತಾಡುವ ಕಂಠ, ಇವಿಷ್ಟೂ ಅಲ್ಲಿವೆ. ಇಂದಿನ ಅನಿಮೇಷನ್ ಚಿತ್ರಕ್ಕೂ ಅಂಗಗಳು ಇವೇ. ಅಷ್ಟೇಕೆ, ಪ್ರಾಣಿಗಳ ಬಾಯಲ್ಲಿ ನೀತಿಯನ್ನು ಹೇಳಿಸುವುದು ಹಗುರವಾದ ಕೆಲಸವಾಗಿದ್ದರೆ, ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿ ಪಂಚತಂತ್ರವನ್ನು ಕನ್ನಡ ಚಂಪುವಾಗಿ ಏತಕ್ಕೆ ಬರೆಯುತ್ತಿದ್ದನು? ಅವನು ಸಂಧಿವಿಗ್ರಹಿಯಾಗಿದ್ದವನು, ರಾಜ್ಯದ ಕೆಲಸವಿಲ್ಲದೆ ಕುಳಿತು ನರಿಯ ಕಥೆ ಬರೆದವನಲ್ಲ.

ಅಮೆರಿಕಾ ದೇಶದಲ್ಲಿಯೂ ಈ ಆಕ್ಷೇಪವು ಹುಟ್ಟಿತ್ತು. ವಾಲ್ಟ್ ಡಿಸ್ನಿಯು ಸ್ನೋ ವೈಟ್ ಎಂಬ ಪೂರ್ಣಪ್ರಮಾಣದ ಚಿತ್ರವನ್ನು ಸಿದ್ಧಪಡಿಸುತ್ತಿದ್ದಾಗ, ಅಷ್ಟು ಹೊತ್ತು ಬರೆದ ಬೊಂಬೆಗಳನ್ನು ಯಾರು ನೋಡುವರೆಂದು ಉದ್ಯಮದವರೇ ಅದಕ್ಕೆ ಡಿಸ್ನಿಯ ಹುಚ್ಚು ಎಂದು ಹೆಸರಿಟ್ಟರು. 1937ರ ಡಿಸೆಂಬರಿನಲ್ಲಿ ಚಿತ್ರವು ಬಂದ ಮೇಲೆ ಗೇಲಿಮಾಡಿದವರು ಮೌನವಾದರು. ಶ್ರಮವನ್ನಾದರೂ ಗಣಿಸಬೇಡವೆ? ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಚಿತ್ರಗಳು ಸರಿಯುತ್ತವೆ. ಒಂದೂವರೆ ಗಂಟೆಯ ಚಿತ್ರಕ್ಕೆ ಲೆಕ್ಕ ಹಾಕಿದರೆ 1,29,600 ಆಗುತ್ತದೆ. ಕೈಯಿಂದ ಬರೆಯುವವರು ಒಂದೊಂದು ಚಿತ್ರವನ್ನು ಎರಡೆರಡು ಸಲ ಬಳಸಿಕೊಂಡರೂ ಬರೆಯಬೇಕಾದುದು ಅದರ ಅರ್ಧದಷ್ಟು. ಇಷ್ಟು ಸಹನೆಯನ್ನು ಬೇಡುವ ಕೆಲಸವನ್ನು ಆಟಿಕೆಯೆಂದು ತಳ್ಳಿಹಾಕುವವರು ತಾವು ಒಂದು ಹಂಸವನ್ನಾದರೂ ಬರೆದು ನೋಡಲಿ.

ರಸವಿಲ್ಲವೆಂಬುದು ಎರಡನೆಯ ಆಕ್ಷೇಪ. ಪಾಠಶಾಲೆಯಲ್ಲಿ ಅಲಂಕಾರಶಾಸ್ತ್ರವನ್ನು ಓದಿದವನಾದುದರಿಂದ ಈ ವಿಷಯದಲ್ಲಿ ಎರಡು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಅಭಿನವಗುಪ್ತರು ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಎಣಿಸಿದ್ದಾರೆ. ತೋರುತ್ತಿರುವ ಸುಖದುಃಖವು ಇಂತಹ ದೇಶದ, ಇಂತಹ ಕಾಲದ, ಇಂತಹ ವ್ಯಕ್ತಿಯದೆಂಬ ಭಾವನೆಯು ಅವುಗಳಲ್ಲೊಂದು. ನಟನ ಸ್ವಂತ ರೂಪವನ್ನು ಮರೆಮಾಡಲೆಂದೇ ಕಿರೀಟಾದಿ ವೇಷಗಳು ಬೇಕಾದುವು. ಇಂದಿನ ಸಾಮಾನ್ಯ ಚಲಚ್ಚಿತ್ರದಲ್ಲಿ ನಾವು ಕಾಣುವುದೇನು? ನಾಯಕನು ಕಣ್ಣೀರಿಟ್ಟರೆ ಪ್ರೇಕ್ಷಕನು ಆ ನಟನ ಹೆಸರನ್ನು ಕೂಗಿ ಶಿಳ್ಳೆ ಹಾಕುತ್ತಾನೆ. ಪಾತ್ರವೆಲ್ಲಿ ಹೋಯಿತು? ಬರೆದ ಆಕೃತಿಗಾದರೋ ಮರೆಮಾಡಬೇಕಾದ ಸ್ವಂತ ರೂಪವೇ ಇಲ್ಲ. ಅದಕ್ಕೆ ಮನೆಯಿಲ್ಲ, ಸಂಭಾವನೆಯಿಲ್ಲ, ಅಭಿಮಾನಿಗಳ ಸಂಘವಿಲ್ಲ. ಅದು ಪಾತ್ರವಲ್ಲದೆ ಮತ್ತೇನೂ ಅಲ್ಲ. ಸಾಧಾರಣೀಕರಣವು ಅಲ್ಲಿ ಎಷ್ಟು ಸುಲಭವಾಗಿ ನಡೆಯುವುದೆಂಬುದನ್ನು ಸಹೃದಯರು ತಾವೇ ಊಹಿಸಬಹುದು.

ಉದಾಹರಣೆಗಳು ಬೇಕೆ? 2003ರ ಫೈಂಡಿಂಗ್ ನೀಮೋ ಎಂಬ ಚಿತ್ರದಲ್ಲಿ ಮನುಷ್ಯರ ಕೈಗೆ ಸಿಕ್ಕಿದ ಒಬ್ಬನೇ ಮಗನನ್ನು ಹುಡುಕುತ್ತ ಒಂದು ಬಡಮೀನು ಸಮುದ್ರವನ್ನೆಲ್ಲ ಈಜುತ್ತದೆ. ಮಗುವು ಅದರಲ್ಲಿ ಮೀನನ್ನು ನೋಡುತ್ತದೆ, ಪಕ್ಕದಲ್ಲಿ ಕುಳಿತ ತಂದೆಯು ತನ್ನನ್ನೇ ನೋಡುತ್ತಾನೆ. 2009ರ ಅಪ್ ಎಂಬ ಚಿತ್ರದ ನಾಯಕನು 78 ವರ್ಷದ ವಿಧುರ. ಆರಂಭದ ಕೆಲವೇ ನಿಮಿಷಗಳಲ್ಲಿ, ಮಾತಿಲ್ಲದೆ, ಮದುವೆಯಿಂದ ಹೆಂಡತಿಯ ಮರಣದವರೆಗಿನ ಒಂದು ಸಂಸಾರವು ಕಣ್ಣಮುಂದೆ ಹಾದುಹೋಗುತ್ತದೆ. ಆ ಮುದುಕನು ಬೆಲೂನುಗಳನ್ನು ಕಟ್ಟಿ ಮನೆಯನ್ನೇ ಆಕಾಶಕ್ಕೆ ಹಾರಿಸುವಾಗ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಹಿರಿಯರು ತಟ್ಟುವುದಿಲ್ಲ, ಅವರ ಗಂಟಲು ಕಟ್ಟಿರುತ್ತದೆ. 2017ರ ಕೋಕೋ ಎಂಬುದು ಮೆಕ್ಸಿಕೋ ದೇಶದ ಒಂದು ಕುಟುಂಬದ ಕಥೆ. ಅಲ್ಲಿ ವರ್ಷಕ್ಕೊಮ್ಮೆ ಗತಿಸಿದವರ ಭಾವಚಿತ್ರಗಳನ್ನಿರಿಸಿ, ಹೂವಿಟ್ಟು, ಅವರಿಗೆ ಪ್ರಿಯವಾದ ತಿನಿಸನ್ನು ಇಡುತ್ತಾರೆ. ಬದುಕಿರುವವರಲ್ಲಿ ನೆನೆಯುವವರು ಒಬ್ಬರೂ ಉಳಿಯದಿದ್ದರೆ ಸತ್ತವರು ಎರಡನೆಯ ಸಲ ಸಾಯುತ್ತಾರೆಂಬುದು ಕಥೆಯ ಬೀಜ. ಮಹಾಲಯ ಅಮಾವಾಸ್ಯೆಯಂದು ಎಡೆಯಿಟ್ಟು, ಮರುದಿನವೇ ಬೊಂಬೆ ಕೂರಿಸುವ ನಮಗೆ ಈ ಕಥೆಯು ಪರದೇಶದ್ದೆ? ಜಪಾನಿನ ಹಯಾವೊ ಮಿಯಾಜಾಕಿಯವರು 1988ರಲ್ಲಿ ತೆಗೆದ ನನ್ನ ನೆರೆಯ ಟೊಟೊರೊ ಎಂಬ ಅರ್ಥದ ಹೆಸರಿನ ಚಿತ್ರದಲ್ಲಿ ಖಳನೇ ಇಲ್ಲ. ತಾಯಿ ಆಸ್ಪತ್ರೆಯಲ್ಲಿರುವಾಗ ಇಬ್ಬರು ಹುಡುಗಿಯರು ಕಾಡಿನ ಅಂಚಿನ ಮನೆಯಲ್ಲಿ ಕಾಯುತ್ತಾರೆ, ಅಷ್ಟೆ. ಕರುಣವೂ ವಾತ್ಸಲ್ಯವೂ ಅದ್ಭುತವೂ ಇಲ್ಲಿಲ್ಲವೆಂದರೆ ಮತ್ತೆಲ್ಲಿವೆ?

ಇನ್ನು ಮೂರನೆಯ ಆಕ್ಷೇಪ. ಹೊರಗಿನ ಚಿತ್ರವನ್ನು ಕನ್ನಡದಲ್ಲಿ ಮಾತಾಡಿಸಿದರೆ, ಎಂದರೆ ಡಬ್ಬಿಂಗ್ ಮಾಡಿದರೆ, ಕನ್ನಡ ಕೆಡುವುದಂತೆ. ಈ ಮಾತಿಗೂ ಮೈಸೂರಿನ ಚರಿತ್ರೆಯೇ ಉತ್ತರ. ಚಾಮರಾಜೇಂದ್ರ ಒಡೆಯರ ಆಸ್ಥಾನದ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿ ಅಭಿನವ ಕಾಳಿದಾಸರೆನಿಸಿಕೊಂಡರು. ಶೇಕ್ಸ್‌ಪಿಯರನ ಒಥೆಲೊ ಅವರ ಲೇಖನಿಯಲ್ಲಿ ಶೂರಸೇನನಾಗಿ ಕನ್ನಡ ನುಡಿದನು. 1926ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಗೀತಗಳನ್ನು ಪ್ರಕಟಿಸಿದ ಮೇಲೆ ಕನ್ನಡ ಕವಿತೆಯು ಕೆಟ್ಟಿತೆ, ಹೊಸ ಜೀವವನ್ನು ಪಡೆಯಿತೆ? ಭಾಷಾಂತರದಿಂದ ಭಾಷೆ ಸಾಯುವುದಾದರೆ ನಮ್ಮದು ಎಂದೋ ಸತ್ತಿರಬೇಕಾಗಿತ್ತು.

1960ರ ದಶಕದಲ್ಲಿ ಡಬ್ಬಿಂಗಿನ ವಿರುದ್ಧ ಎದ್ದ ಚಳವಳಿಗೆ ಆ ಕಾಲದಲ್ಲಿ ಕಾರಣವಿಲ್ಲದಿರಲಿಲ್ಲ, ನ್ಯಾಯವಾದುದನ್ನು ಒಪ್ಪಬೇಕು. ಕನ್ನಡದ ಚಿತ್ರೋದ್ಯಮವು ಆಗ ಮದರಾಸಿನ ಸ್ಟುಡಿಯೋಗಳ ಆಶ್ರಯದಲ್ಲಿತ್ತು. ಕನ್ನಡದ ನಟರಿಗೂ ಕೆಲಸಗಾರರಿಗೂ ಅನ್ನ ದೊರೆಯಬೇಕೆಂದು ಅ. ನ. ಕೃಷ್ಣರಾಯರಂತಹವರು ದನಿಯೆತ್ತಿದರು. ಆದರೆ ಬೇನೆಗೆಂದು ಕಟ್ಟಿದ ಪಟ್ಟಿಯನ್ನು ವಾಸಿಯಾದ ಮೇಲೂ ಬಿಚ್ಚದಿದ್ದರೆ ಕೈಯೇ ಸೊರಗುತ್ತದೆ. ಯಾವ ಶಾಸನವೂ ಇಲ್ಲದೆ, ಉದ್ಯಮದವರ ಕಟ್ಟುಪಾಡೊಂದರಿಂದಲೇ, ಈ ನಿಷೇಧವು ದಶಕಗಟ್ಟಲೆ ನಡೆದುಬಂದಿತು. ಕಡೆಗೆ 2015ರ ಜುಲೈ ತಿಂಗಳಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಇದು ಕಾಯಿದೆಗೆ ವಿರುದ್ಧವೆಂದು ತೀರ್ಮಾನಿಸಿ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಮೊದಲಾದ ಸಂಸ್ಥೆಗಳಿಗೆ ದಂಡವನ್ನು ವಿಧಿಸಿತು.

ಅದಿರಲಿ. ಅನಿಮೇಷನ್ ಚಿತ್ರಕ್ಕೆ ಆ ಹಳೆಯ ವಾದವು ಮೊದಲಿನಿಂದಲೂ ಅನ್ವಯಿಸುತ್ತಿರಲಿಲ್ಲ. ನಟನೊಬ್ಬನ ತುಟಿಗೆ ಇನ್ನೊಬ್ಬನ ಕಂಠವನ್ನು ಜೋಡಿಸುವುದು ಕೃತಕವೆನ್ನಬಹುದು. ಬರೆದ ಆಕೃತಿಗೆ ಸ್ವಂತ ಕಂಠವೆಲ್ಲಿದೆ? ಹುಟ್ಟಿದ ದೇಶದಲ್ಲಿಯೇ ಅದು ಎರವಲು ಧ್ವನಿಯಿಂದ ಮಾತಾಡುತ್ತದೆ. ಸಿಂಹಕ್ಕೆ ಇಂಗ್ಲಿಷು ಮಾತೃಭಾಷೆಯೆ? ಮೀನಿಗೆ ಹಿಂದಿಯೆ? ಆ ಬಾಯಲ್ಲಿ ಕನ್ನಡವನ್ನಿಟ್ಟರೆ ಯಾವ ಕನ್ನಡ ನಟನ ಅನ್ನಕ್ಕೂ ಕಲ್ಲು ಬೀಳುವುದಿಲ್ಲ. ಪ್ರತಿಯಾಗಿ ಕಂಠದಾನ ಮಾಡುವವರಿಗೂ ಸಂಭಾಷಣೆ ಬರೆಯುವವರಿಗೂ ಕೆಲಸ ದೊರೆಯುತ್ತದೆ.

ಬಾಗಿಲು ತೆರೆದ ಮೇಲಾದರೂ ಏನಾಗಿದೆ? ಮೈಸೂರಿನ ಮೃಗಾಲಯವು 1892ರಲ್ಲಿ ಸ್ಥಾಪಿತವಾದುದು. ತಲೆತಲಾಂತರದಿಂದ ನಮ್ಮ ಮಕ್ಕಳಿಗೆ ಸಿಂಹವು ಪರಿಚಿತವಾದ ಪ್ರಾಣಿ. 2019ರಲ್ಲಿ ಹೊಸದಾಗಿ ಬಂದ ದಿ ಲಯನ್ ಕಿಂಗ್ ಚಿತ್ರವಾದರೋ ಭಾರತದಲ್ಲಿ ಇಂಗ್ಲಿಷಿನಲ್ಲಿಯೂ ಹಿಂದಿ, ತಮಿಳು, ತೆಲುಗುಗಳಲ್ಲಿಯೂ ಗರ್ಜಿಸಿತು, ಕನ್ನಡದಲ್ಲಿ ಗರ್ಜಿಸಲಿಲ್ಲ. 2024ರಲ್ಲಿ ಬಂದ ಮುಫಾಸಾ ಚಿತ್ರದ ಕಥೆಯೂ ಅಷ್ಟೆ. 2023ರಲ್ಲಿ ಸ್ಪೈಡರ್ ಮ್ಯಾನನ ಅನಿಮೇಷನ್ ಚಿತ್ರವೊಂದು ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಿಡುಗಡೆಯಾದಾಗ ಅವುಗಳಲ್ಲಿ ಕನ್ನಡವೂ ಇತ್ತೆಂಬುದು ಸಂತೋಷದ ಸಂಗತಿ. ಆದರೆ ನಮ್ಮಲ್ಲಿ ಎಷ್ಟು ಮಂದಿ ಅದನ್ನು ಕನ್ನಡದಲ್ಲಿಯೇ ನೋಡಬೇಕೆಂದು ಹಟ ಹಿಡಿದರು? ಕೇಳುವವರಿಲ್ಲದ ಸರಕನ್ನು ಯಾವ ವರ್ತಕನೂ ತರಿಸುವುದಿಲ್ಲ.

ಕೇಳುವವರಿದ್ದರೆ ಏನಾಗುವುದೆಂಬುದನ್ನು 2025ರ ಜುಲೈ 25ರಂದು ಬಿಡುಗಡೆಯಾದ ಮಹಾವತಾರ್ ನರಸಿಂಹ ಚಿತ್ರವು ತೋರಿಸಿತು. ಅಶ್ವಿನ್ ಕುಮಾರರು ನಿರ್ದೇಶಿಸಿ, ಬೆಂಗಳೂರಿನ ಹೊಂಬಾಳೆ ಸಂಸ್ಥೆಯವರು ಅರ್ಪಿಸಿದ ಆ ಚಿತ್ರವು ಹಿಂದಿಯ ಜೊತೆಗೆ ಕನ್ನಡದಲ್ಲಿಯೂ ಮಾತಾಡಿತು. ವರಾಹ ನರಸಿಂಹರ ಕಥೆ ನಮ್ಮ ಮನೆಗಳಿಗೆ ಹೊಸದಲ್ಲ. ಮೇಲುಕೋಟೆಯ ಬೆಟ್ಟವನ್ನು ಹತ್ತಿದವರಿಗೂ, 1983ರ ಭಕ್ತ ಪ್ರಹ್ಲಾದದಲ್ಲಿ ರಾಜಕುಮಾರರ ಹಿರಣ್ಯಕಶಿಪುವನ್ನು ಕಂಡವರಿಗೂ ಕಂಬ ಒಡೆಯುವುದು ಮೊದಲೇ ಗೊತ್ತು. ಗೊತ್ತಿದ್ದರೂ ಮೂರು ತಲೆಮಾರುಗಳು ಒಟ್ಟಿಗೆ ಹೋಗಿ ನೋಡಿದುವು. ಅದರ ಗಳಿಕೆಯು 300 ಕೋಟಿ ರೂಪಾಯಿಗಳನ್ನು ಮೀರಿತೆಂದು ಪತ್ರಿಕೆಗಳು ವರದಿಮಾಡಿದುವು. ಮಕ್ಕಳೊಬ್ಬರೇ ಕೊಟ್ಟ ಹಣವಲ್ಲ ಅದು.

ಇನ್ನೊಂದು ದೃಷ್ಟಾಂತವು ನನ್ನ ವಿದ್ಯೆಗೆ ಹತ್ತಿರವಾದುದು. ಗೋವಿನ ಹಾಡು ಕನ್ನಡಿಗರ ಮನೆಮಾತು. ಅದರ ಪುಣ್ಯಕೋಟಿಯ ಕಥೆಯನ್ನು ಬೆಂಗಳೂರಿನ ರವಿಶಂಕರರು ಅನೇಕರಿಂದ ಹಣ ಕೂಡಿಸಿ, ಇಳಯರಾಜರ ಸಂಗೀತದೊಡನೆ, ಸಂಸ್ಕೃತ ಭಾಷೆಯಲ್ಲಿ ಅನಿಮೇಷನ್ ಚಿತ್ರವಾಗಿ ತೆಗೆದರು. 2020ರಲ್ಲಿ ಅದು ನೆಟ್‌ಫ್ಲಿಕ್ಸಿನಲ್ಲಿ ಕಾಣಿಸಿಕೊಂಡಿತು. ಮನೆಯಲ್ಲಿ ಆಡುವವರು ಅತ್ಯಲ್ಪವಾಗಿರುವ ಭಾಷೆಯಲ್ಲಿ ಹಸುವೂ ಹುಲಿಯೂ ಸಂವಾದಿಸಿದುದನ್ನು ಕಂಡು ನನಗೆ ಆದ ಹಿಗ್ಗನ್ನು ಬಣ್ಣಿಸತಕ್ಕುದಿಲ್ಲ. ಸಂಸ್ಕೃತಕ್ಕೆ ಸಾಧ್ಯವಾದುದು ಕೋಟ್ಯಂತರ ಜನರು ಆಡುವ ಕನ್ನಡಕ್ಕೆ ಸಾಧ್ಯವಿಲ್ಲವೆ? ದುರ್ಗಸಿಂಹನ ನರಿಗಳು ಒಂಬೈನೂರು ವರ್ಷಗಳಿಂದ ಕಾದಿವೆ.

ಈ ಚಿತ್ರಗಳೆಲ್ಲವೂ ಉತ್ತಮವೆಂದು ನಾನು ಹೇಳುತ್ತಿಲ್ಲ. ಬರಿಯ ಗದ್ದಲ, ಬಡಿದಾಟ, ಆಟದ ಸಾಮಾನುಗಳನ್ನು ಮಾರುವ ಹೂಟ, ಇವೇ ಆಗಿರುವ ಚಿತ್ರಗಳು ಬೇಕಾದಷ್ಟಿವೆ. ಕಾದಂಬರಿಗಳಲ್ಲಿಯೂ ಹಾಗೆಯೇ ಇಲ್ಲವೆ? ಜೊಳ್ಳಿದೆಯೆಂದು ಭತ್ತವನ್ನೇ ಬೀದಿಗೆ ಸುರಿಯುವವನು ರೈತನಲ್ಲ. ಕೇರುವ ಮೊರವು ಹಿರಿಯರ ಕೈಯಲ್ಲಿರಬೇಕು. ಹಿರಿಯರು ಭಾಷೆ ತಿಳಿಯದೆ ಮನೆಯಲ್ಲಿಯೇ ಉಳಿದರೆ ಕೇರುವವರಾರು?

ನಿಜವಾದ ನಷ್ಟವು ಇಲ್ಲಿಯೇ ಇದೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿದವನಾಗಿ ನಾನು ಒಂದನ್ನು ಕಂಡಿದ್ದೇನೆ. ಮಗುವು ಯಾವ ಭಾಷೆಯಲ್ಲಿ ಲೆಕ್ಕ ಮಾಡುವುದೋ ಅದು ಶಾಲೆಯ ಭಾಷೆ. ಯಾವ ಭಾಷೆಯಲ್ಲಿ ನಗುವುದೋ ಅದೇ ಅದರ ಸ್ವಂತ ಭಾಷೆ. ಇಂದು ನಗರದ ಅನೇಕ ಮನೆಗಳಲ್ಲಿ ಮಗುವು ಇಂಗ್ಲಿಷಿನಲ್ಲಿ ನಗುತ್ತದೆ. ಪಕ್ಕದಲ್ಲಿ ಕುಳಿತ ಅಜ್ಜಿಯು, "ಏನಂದಿತಪ್ಪ ಆ ಮೀನು?" ಎಂದು ಕೇಳುತ್ತಾಳೆ. ಮಗುವು ಒಂದು ಸಲ ಹೇಳುತ್ತದೆ, ಎರಡು ಸಲ ಹೇಳುತ್ತದೆ, ಮೂರನೆಯ ಸಲ, "ಸುಮ್ಮನಿರಜ್ಜಿ" ಎನ್ನುತ್ತದೆ. ಕನ್ನಡವನ್ನು ಉಳಿಸಬೇಕೆಂದು ಭಾಷಣ ಮಾಡುವ ಮಹನೀಯರು ಈ ಒಂದು ಮಾತನ್ನು ಮನಸ್ಸಿಗೆ ತಂದುಕೊಳ್ಳಲಿ. ಅಜ್ಜಿಯು ಸುಮ್ಮನಾದ ಮನೆಯಲ್ಲಿ ಯಾವ ಪರಿಷತ್ತೂ ಕನ್ನಡವನ್ನು ಉಳಿಸಲಾರದು.

ಆದಕಾರಣ ವಾಚಕ ಮಹಾಶಯರಲ್ಲಿ ನನ್ನ ಬಿನ್ನಹವು ಮೂರು. ಅನಿಮೇಷನ್ ಚಿತ್ರವು ಊರಿಗೆ ಬಂದಾಗ ಕನ್ನಡದ ಪ್ರತಿಯುಂಟೆ ಎಂದು ಚಿತ್ರಮಂದಿರದವರನ್ನು ಕೇಳಿರಿ. ಸಂಸಾರಸ್ಥರು ಹೋಗಲಾಗದ ಹೊತ್ತಿನಲ್ಲಿ ಅದನ್ನಿಟ್ಟಿದ್ದರೆ ಸಂಜೆಗೆ ಇಡಿರೆಂದು ಹೇಳಿರಿ. ಸಂಭಾಷಣೆಯನ್ನು ಕನ್ನಡಿಸುವ ಕೆಲಸವನ್ನು ನಮ್ಮ ಲೇಖಕರು ಹೀನವೆಂದೆಣಿಸದೆ ಕೈಗೆತ್ತಿಕೊಳ್ಳಲಿ. ಬಸವಪ್ಪ ಶಾಸ್ತ್ರಿಗಳಿಗೆ ಕಡಮೆಯಾಗದ ಗೌರವವು ನಮಗೂ ಕಡಮೆಯಾಗದು. ಕಡೆಯದಾಗಿ, ಅನುಕೂಲವುಳ್ಳವರು ನಮ್ಮ ಕಥೆಗಳನ್ನು ನಮ್ಮ ಭಾಷೆಯಲ್ಲಿಯೇ ಚಿತ್ರಿಸುವ ತರುಣರಿಗೆ ನೆರವಾಗಲಿ. ಈ ಮೂರೂ ಆಗುವವರೆಗೆ, ಮಕ್ಕಳು ಕನ್ನಡ ಮರೆತರೆಂದು ದೂರುವ ಹಕ್ಕು ಹಿರಿಯರಾದ ನಮಗಿಲ್ಲ.