ಪೆನ್‌ಡ್ರೈವ್‌ನಲ್ಲಿದೆ ಅಂದ್ರೆ ನಿಜವಾಗ್ಲೂ ಇದೆಯಾ?

"ನಿಮ್ಮ ಮನೆ ಫೋಟೋಗಳೆಲ್ಲ ಎಲ್ಲಿವೆ?" ಅಂತ ಯಾರನ್ನಾದ್ರೂ ಕೇಳಿ ನೋಡಿ. ಒಂದೋ "ಗೂಗಲ್‌ನಲ್ಲಿವೆ" ಅಂತಾರೆ, ಇಲ್ಲಾಂದ್ರೆ "ಪೆನ್‌ಡ್ರೈವ್‌ಗೆ ಹಾಕಿಟ್ಟಿದ್ದೀನಿ" ಅಂತಾರೆ. ಆ ಪೆನ್‌ಡ್ರೈವನ್ನು ಕೊನೇ ಸಲ ತೆರೆದು ನೋಡಿದ್ದು ಯಾವಾಗ ಅಂತ ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾರೆ. ಬೀರುವಿನಲ್ಲಿಟ್ಟ ಒಡವೆಯನ್ನು ಹಬ್ಬಕ್ಕೋ ಮದುವೆಗೋ ವರ್ಷಕ್ಕೊಂದು ಸಲ ತೆಗೆದು ನೋಡ್ತೀವಿ. ಪೆನ್‌ಡ್ರೈವ್‌ಗೆ ಆ ಭಾಗ್ಯವೂ ಇಲ್ಲ.

ಬ್ಯಾಕಪ್ ಅಂದ ತಕ್ಷಣ ಎಲ್ಲವನ್ನೂ ಉಳಿಸಬೇಕು ಅಂತ ಹೊರಟರೆ ಕೆಲಸ ಶುರುವಾಗೋದೇ ಇಲ್ಲ. ಮೊದಲು ಎರಡು ಭಾಗ ಮಾಡಿ: ಹೋದರೆ ಮತ್ತೆ ಸಿಗುವುದು, ಹೋದರೆ ಸಿಗದೇ ಇರುವುದು. ನಮ್ಮನೆ ಲ್ಯಾಪ್‌ಟಾಪ್‌ನಲ್ಲಿ ಪಹಣಿ, ಮಾರ್ಕ್ಸ್ ಕಾರ್ಡ್, ಪ್ಯಾನ್ ಕಾರ್ಡ್‌ಗಳ ಸ್ಕ್ಯಾನ್ ಇವೆ. ಅವು ಹೋದರೆ ಒಂದಿಷ್ಟು ಓಡಾಟ, ಒಂದಿಷ್ಟು ಖರ್ಚು, ಅಷ್ಟೇ. ಪಹಣಿ ಭೂಮಿ ವೆಬ್‌ಸೈಟ್‌ನಲ್ಲೇ ಸಿಗುತ್ತೆ, ಮಾರ್ಕ್ಸ್ ಕಾರ್ಡ್‌ಗೆ ಮತ್ತೆ ಅರ್ಜಿ ಹಾಕಬಹುದು. ಇನ್ನೊಂದು ಫೋಲ್ಡರ್‌ನ ಹೆಸರು 'ಅಜ್ಜಿ'. ತಿಪಟೂರು ಕಡೆಯವರಾದ ನಮ್ಮಜ್ಜಿ ಹೇಳಿದ ಸೋಬಾನೆ ಪದಗಳನ್ನು ಅಮ್ಮ ಫೋನ್‌ನಲ್ಲಿ ರೆಕಾರ್ಡ್ ಮಾಡಿದ್ದು, ಒಟ್ಟು 23 ಫೈಲ್. ನಡುವೆ ಕುಕ್ಕರ್ ಕೂಗುತ್ತೆ, ಒಂದು ಕಡೆ ಅಜ್ಜಿ ಪದ ಮರೆತು ನಗ್ತಾರೆ. ಅಜ್ಜಿ ಹೋಗಿ ಎರಡು ವರ್ಷ ಆಯ್ತು. ಇದಕ್ಕೆ ಡೂಪ್ಲಿಕೇಟ್ ಕಾಪಿ ಕೊಡೋ ಆಫೀಸು ಯಾವುದೂ ಇಲ್ಲ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಫೋಲ್ಡರ್ ಇದ್ದೇ ಇರುತ್ತೆ. ಈ ಬರಹ ಆ ಒಂದು ಫೋಲ್ಡರ್‌ಗಾಗಿ.

ಕ್ಲೌಡ್ ಇದೆಯಲ್ಲ ಅಂತೀರಾ? ಇರಲಿ, ಬೇಡ ಅನ್ನಲ್ಲ. ಆದರೆ ಗೂಗಲ್ ಉಚಿತವಾಗಿ ಕೊಡೋದು 15 ಜಿಬಿ, ಅದರಲ್ಲೇ ಮೇಲ್‌ಗೂ ಪಾಲು. ಇನ್ನೊಂದು ವಿಷಯ: ಬ್ಯಾಕಪ್ ಆಗಿರೋ ಫೋಟೋವನ್ನು ಫೋನ್‌ನ ಗೂಗಲ್ ಫೋಟೋಸ್‌ನಲ್ಲಿ ಅಳಿಸಿದರೆ ಕ್ಲೌಡ್‌ನಿಂದಲೂ ಹೋಗುತ್ತೆ. 60 ದಿನ ಕಸದಬುಟ್ಟಿಯಲ್ಲಿರುತ್ತೆ, ಆಮೇಲೆ ಇಲ್ಲ. ಎರಡು ಕಡೆ ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದು ಸಿಂಕ್. ಒಂದು ಕಡೆ ಹೋದರೂ ಇನ್ನೊಂದು ಕಡೆ ಉಳಿಯುವುದು ಬ್ಯಾಕಪ್. ಎರಡೂ ಒಂದೇ ಅಲ್ಲ.

ಪೆನ್‌ಡ್ರೈವ್‌ಗೆ ಮೌಸ್‌ನಿಂದ ಎಳೆದು ಹಾಕಿದರೆ ಸಾಲದಾ? ಹತ್ತು ಫೈಲ್‌ಗೆ ಸಾಕು. ಹತ್ತು ಸಾವಿರ ಫೋಟೋ ಇದ್ದಾಗ ಅರ್ಧದಲ್ಲಿ ನಿಂತರೆ ಯಾವುದು ಹೋಯ್ತು, ಯಾವುದು ಉಳೀತು ಅಂತ ಗೊತ್ತಾಗಲ್ಲ. ಮುಂದಿನ ತಿಂಗಳು ಮತ್ತೆ ಹಾಕುವಾಗ "ಹಳೇದರ ಮೇಲೆ ಬರೆಯಲೇ, ಬಿಡಲೇ?" ಅಂತ ಕಂಪ್ಯೂಟರ್ ಕೇಳುತ್ತೆ, ನಾವು ಏನೋ ಒಂದು ಒತ್ತುತ್ತೀವಿ.

ಇದಕ್ಕೆ ಹಳೆಯ, ಗಟ್ಟಿಯಾದ ಪರಿಹಾರ ಆರ್‌ಸಿಂಕ್ ಅನ್ನೋ ಕಮಾಂಡ್. ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಾಸ್ ಅನ್ನುವವರು 1996ರಲ್ಲಿ ಹೊರತಂದದ್ದು. ಲಿನಕ್ಸ್ ಮತ್ತು ಮ್ಯಾಕ್‌ನ ಟರ್ಮಿನಲ್‌ನಲ್ಲಿ ಇವತ್ತಿಗೂ ನಡೆಯುತ್ತೆ. ಹೆಸರಲ್ಲಿ ಸಿಂಕ್ ಇದ್ದರೂ ಹೆದರಬೇಡಿ, ನಾವು ಹೇಳದೆ ಅದು ಪೆನ್‌ಡ್ರೈವ್‌ನಿಂದ ಏನನ್ನೂ ಅಳಿಸಲ್ಲ. ಎರಡೂ ಕಡೆಯ ಫೈಲ್‌ಗಳ ಗಾತ್ರ ಮತ್ತು ಕೊನೆಗೆ ಬದಲಾದ ಸಮಯ ನೋಡುತ್ತೆ. ಒಂದೇ ಆಗಿದ್ದರೆ ಮುಟ್ಟಲ್ಲ, ಬೇರೆ ಇದ್ದರೆ ಮಾತ್ರ ಕಾಪಿ ಮಾಡುತ್ತೆ. ಹಾಗಾಗಿ ಮೊದಲ ಸಲ ಒಂದು ಗಂಟೆ ಹಿಡಿದರೂ ಮುಂದಿನ ಸಲ ಕೆಲವೇ ನಿಮಿಷ. ಅರ್ಧಕ್ಕೆ ನಿಂತರೆ ಅದೇ ಕಮಾಂಡ್ ಮತ್ತೆ ಕೊಡಿ, ಕಾಪಿ ಆಗಿರೋದನ್ನು ಬಿಟ್ಟು ಮುಂದಕ್ಕೆ ಹೋಗುತ್ತೆ.

ಮೊದಲು ಡ್ರೈವ್ ನೋಡಿಕೊಳ್ಳಿ. ಅದು ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸಲ್ಲ. ಮದುವೆ ವಿಡಿಯೋ ಸಿಕ್ಕಿಕೊಳ್ಳೋದು ಅಲ್ಲೇ. ಎಕ್ಸ್‌ಫ್ಯಾಟ್ ಮಾಡಿಕೊಂಡರೆ ಆ ತೊಂದರೆ ಇಲ್ಲ, ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ಓದಬಹುದು. ಫಾರ್ಮ್ಯಾಟ್ ಮಾಡಿದರೆ ಒಳಗಿರೋದೆಲ್ಲ ಹೋಗುತ್ತೆ, ಖಾಲಿ ಡ್ರೈವ್‌ಗೆ ಮಾತ್ರ ಮಾಡಿ.

ಈಗ ಕಮಾಂಡ್. ಎಲ್ಲವೂ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ. ಆರ್‌ಸಿಂಕ್ ಅಂತ ಬರೆದು, ಜಾಗ ಬಿಟ್ಟು, ಒಂದು ಹೈಫನ್ ಹಾಕಿ ಅದಕ್ಕೆ ಅಂಟಿಸಿ ಆರ್, ಟಿ, ವಿ, ಎನ್ ಅನ್ನೋ ನಾಲ್ಕು ಅಕ್ಷರ. ಮತ್ತೆ ಜಾಗ ಬಿಟ್ಟು ಲ್ಯಾಪ್‌ಟಾಪ್‌ನ ಫೋಲ್ಡರ್, ಮತ್ತೆ ಜಾಗ ಬಿಟ್ಟು ಪೆನ್‌ಡ್ರೈವ್‌ನ ಫೋಲ್ಡರ್. ಫೋಲ್ಡರ್ ದಾರಿ ಟೈಪ್ ಮಾಡೋದು ಕಷ್ಟ ಅನಿಸಿದರೆ ಮೌಸ್‌ನಿಂದ ಟರ್ಮಿನಲ್ ಮೇಲೆ ಎಳೆದು ಬಿಡಿ, ಸಾಮಾನ್ಯವಾಗಿ ತಾನೇ ಬರೆದುಕೊಳ್ಳುತ್ತೆ. ಆರ್ ಅಂದರೆ ಒಳಗಿನ ಫೋಲ್ಡರ್‌ಗಳ ಸಮೇತ, ಟಿ ಅಂದರೆ ಫೈಲ್‌ನ ತಾರೀಖು ಹಾಗೇ ಇರಲಿ, ವಿ ಅಂದರೆ ಏನು ಮಾಡ್ತಿದ್ದೀಯ ಹೇಳು. ಕೊನೆಯ ಎನ್ ಮುಖ್ಯ. ಅದು ಬರೀ ರಿಹರ್ಸಲ್. ಯಾವ ಫೈಲ್ ಎಲ್ಲಿಗೆ ಹೋಗುತ್ತೆ ಅಂತ ಪಟ್ಟಿ ತೋರಿಸುತ್ತೆ, ಏನನ್ನೂ ಮುಟ್ಟಲ್ಲ. ಪಟ್ಟಿ ನೋಡಿ ಸರಿ ಅನಿಸಿದ ಮೇಲೆ ಎನ್ ತೆಗೆದು ಮತ್ತೆ ಎಂಟರ್ ಒತ್ತಿ.

ಒಂದು ಸೂಕ್ಷ್ಮ ಇದೆ. ಲ್ಯಾಪ್‌ಟಾಪ್ ಫೋಲ್ಡರ್ ಹೆಸರಿನ ಕೊನೆಗೆ ಸ್ಲ್ಯಾಶ್ ಹಾಕಿದರೆ ಡಬ್ಬಿಯೊಳಗಿನ ಚಕ್ಕುಲಿ ಮಾತ್ರ ಹೋಗುತ್ತೆ. ಹಾಕದಿದ್ದರೆ ಡಬ್ಬಿ ಸಮೇತ ಹೋಗುತ್ತೆ. ಯಾವುದಾದರೂ ಒಂದನ್ನು ಅಭ್ಯಾಸ ಮಾಡಿಕೊಳ್ಳಿ, ಪ್ರತಿ ಸಲ ಬದಲಾಯಿಸಬೇಡಿ.

ಇನ್ನು ಎರಡು ಹೈಫನ್ ಹಾಕಿ ಡಿಲೀಟ್ ಅಂತ ಸೇರಿಸೋ ಸಲಹೆ ಅಲ್ಲಲ್ಲಿ ಸಿಗುತ್ತೆ. ಲ್ಯಾಪ್‌ಟಾಪ್‌ನಲ್ಲಿ ಇಲ್ಲದ್ದನ್ನು ಪೆನ್‌ಡ್ರೈವ್‌ನಿಂದಲೂ ತೆಗೆದುಹಾಕು ಅಂತ ಅದರ ಅರ್ಥ. ಲ್ಯಾಪ್‌ಟಾಪ್‌ನಲ್ಲಿ ಯಾರೋ ಒಂದು ಹಾಡು ಅಳಿಸಿದ್ದರೆ ಬ್ಯಾಕಪ್‌ನಲ್ಲೂ ಅದು ಹೋಯ್ತು ಅಂತಲೇ ಲೆಕ್ಕ. ಆಫೀಸ್ ಕೆಲಸಕ್ಕೆ ಬಳಸ್ತೀನಿ, 'ಅಜ್ಜಿ' ಫೋಲ್ಡರ್‌ಗೆ ಬಳಸಲ್ಲ.

ವಿಂಡೋಸ್ ಇರೋರಿಗೆ ರೋಬೋಕಾಪಿ ಅನ್ನೋ ಕಮಾಂಡ್ ಒಳಗೇ ಇದೆ. ಮೊದಲು ಲ್ಯಾಪ್‌ಟಾಪ್ ಫೋಲ್ಡರ್, ಆಮೇಲೆ ಪೆನ್‌ಡ್ರೈವ್ ಫೋಲ್ಡರ್, ಕೊನೆಗೆ ಸ್ಲ್ಯಾಶ್ ಇ. ಅದರ ಜೊತೆ ಸ್ಲ್ಯಾಶ್ ಎಲ್ ಸೇರಿಸಿದರೆ ಅಲ್ಲೂ ರಿಹರ್ಸಲ್ ಮಾತ್ರ. ಸ್ಲ್ಯಾಶ್ ಎಂಐಆರ್ ಅಂತ ಕಂಡರೆ ಹುಷಾರು, ಅದು ಅಳಿಸುವ ಜಾತಿಯದು.

ಕಾಪಿ ಆಯ್ತು. ಬಹಳಷ್ಟು ಜನ ಇಲ್ಲಿಗೆ ನಿಲ್ಲಿಸ್ತಾರೆ. ಆದರೆ ತೆರೆದು ನೋಡದ ಬ್ಯಾಕಪ್ ಅನ್ನೋದು ಬರೀ ನಂಬಿಕೆ. ದೊಡ್ಡ ದೊಡ್ಡವರಿಗೂ ಇದರ ಬಿಸಿ ತಟ್ಟಿದೆ. 1998ರಲ್ಲಿ ಪಿಕ್ಸಾರ್‌ನವರು ಟಾಯ್ ಸ್ಟೋರಿ 2 ಮಾಡುತ್ತಿದ್ದಾಗ ಯಾರೋ ಕೊಟ್ಟ ಒಂದು ಅಳಿಸುವ ಕಮಾಂಡ್‌ನಿಂದ ಸಿನಿಮಾದ ಬಹುಪಾಲು ಫೈಲ್‌ಗಳು ಮಾಯವಾದವು. ಬ್ಯಾಕಪ್ ಇದೆಯಲ್ಲ ಅಂತ ನೋಡಿದರೆ ಅದು ಸರಿಯಾಗಿ ಕೆಲಸವೇ ಮಾಡುತ್ತಿರಲಿಲ್ಲ. ಕೊನೆಗೆ ಸಿನಿಮಾ ಉಳಿದದ್ದು ಒಬ್ಬ ತಾಯಿಯ ಮನೆ ಕಂಪ್ಯೂಟರ್‌ನಿಂದ. ತಾಂತ್ರಿಕ ತಂಡದ ಗ್ಯಾಲಿನ್ ಸಸ್ಮನ್ ಹೆರಿಗೆಯಾದ ಮೇಲೆ ಮನೆಯಿಂದ ಕೆಲಸ ಮಾಡುತ್ತಿದ್ದರು, ಅವರ ಹತ್ತಿರ ಒಂದು ಪ್ರತಿ ಇತ್ತು. ಆ ಕಂಪ್ಯೂಟರನ್ನು ಕಂಬಳಿ ಸುತ್ತಿ, ಕಾರಿನಲ್ಲಿಟ್ಟು ಆಫೀಸಿಗೆ ತಂದರಂತೆ. ಕೂಸನ್ನು ತಂದ ಹಾಗೆ!

ಅದಕ್ಕೇ ನಾನು ಎರಡು ಪರೀಕ್ಷೆ ಮಾಡ್ತೀನಿ. ಒಂದು ಕಂಪ್ಯೂಟರ್ ಮಾಡೋದು. ಪೆನ್‌ಡ್ರೈವನ್ನು ಇಜೆಕ್ಟ್ ಕೊಟ್ಟು ತೆಗೆದು, ಮತ್ತೆ ಚುಚ್ಚಿ, ಅದೇ ಕಮಾಂಡನ್ನು ಆರ್, ಟಿ, ವಿ, ಎನ್ ಜೊತೆ ಸಿ ಸೇರಿಸಿ ಕೊಡ್ತೀನಿ. ಸಿ ಇದ್ದರೆ ಗಾತ್ರ, ತಾರೀಖು ನಂಬಿ ಸುಮ್ಮನಾಗದೆ ಎರಡೂ ಕಡೆಯ ಫೈಲ್‌ಗಳನ್ನು ಪೂರ್ತಿ ಓದಿ ಹೋಲಿಸುತ್ತೆ. ಯಾವ ಫೈಲ್ ಹೆಸರೂ ಬರದಿದ್ದರೆ ಎಲ್ಲ ಸರಿ ಇದೆ ಅಂತ. ತೆಗೆದು ಮತ್ತೆ ಚುಚ್ಚೋದು ಯಾಕೆ ಅಂದರೆ, ಈಗಷ್ಟೇ ಬರೆದದ್ದನ್ನು ಕಂಪ್ಯೂಟರ್ ತನ್ನ ನೆನಪಿನಿಂದಲೇ ಓದಿ ಹೇಳಿಬಿಡಬಹುದು. ನಮಗೆ ಬೇಕಿರೋದು ಡ್ರೈವ್‌ನಲ್ಲಿ ನಿಜವಾಗಿ ಏನಿದೆ ಅನ್ನೋದು.

ಎರಡನೇದು ಅಮ್ಮ ಮಾಡೋ ಪರೀಕ್ಷೆ. ಡ್ರೈವನ್ನು ಅಮ್ಮನ ಕೈಗೆ ಕೊಟ್ಟು, ಬೇರೆ ಕಂಪ್ಯೂಟರ್‌ನಲ್ಲೋ ಟಿವಿಯಲ್ಲೋ ಹಾಕಿ "ಒಂದು ಪದ ಹಾಕಮ್ಮ" ಅಂತೀನಿ. ಸಹಾಯ ಮಾಡಲ್ಲ. ಹೋದ ಸಲ ಅಮ್ಮ ಫೈಲ್ ಹೆಸರುಗಳನ್ನು ನೋಡಿ, "ಇದೇನೋ ಬರೀ ನಂಬರು, ಹಸೆಗೆ ಕರೆಯೋ ಪದ ಯಾವುದು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?" ಅಂದರು. ಯಾವ ಕಮಾಂಡೂ ಈ ಪ್ರಶ್ನೆ ಕೇಳಲ್ಲ. ಅವತ್ತು ಸಂಜೆ ಇಬ್ಬರೂ ಕೂತು 23 ಫೈಲ್‌ಗೂ ಹೆಸರಿಟ್ವಿ. ಯಾರು ಹೇಳಿದ್ದು, ಯಾವ ಶಾಸ್ತ್ರದ ಪದ, ಯಾವ ವರ್ಷ. ಅಮ್ಮನಿಗೆ ಮಾತ್ರ ಗೊತ್ತಿದ್ದದ್ದೂ ಈಗ ಬ್ಯಾಕಪ್ ಆಯ್ತು.

ಉಳಿದದ್ದು ಅಭ್ಯಾಸದ ಮಾತು. ಡ್ರೈವನ್ನು ಸದಾ ಚುಚ್ಚಿಯೇ ಇಡಬೇಡಿ. ವೈರಸ್ ಬಂದರೆ, ಸಿಡಿಲು ಬಡಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಪೆನ್‌ಡ್ರೈವ್ ವರ್ಷಗಟ್ಟಲೆ ಡ್ರಾಯರ್‌ನಲ್ಲಿದ್ದರೆ ಒಳಗಿರೋದು ತಾನಾಗೇ ಕೆಡಬಹುದು, ಅದನ್ನೊಂದೇ ನೆಚ್ಚಿಕೊಳ್ಳಬೇಡಿ. ಎರಡು ಡ್ರೈವ್ ಇಟ್ಟುಕೊಂಡು ಒಂದು ತಿಂಗಳು ಒಂದಕ್ಕೆ, ಮುಂದಿನ ತಿಂಗಳು ಇನ್ನೊಂದಕ್ಕೆ ಹಾಕಿ. ಒಂದರಲ್ಲಿ ಕೆಟ್ಟ ಫೈಲ್ ಸೇರಿಕೊಂಡರೂ ಇನ್ನೊಂದರಲ್ಲಿ ಹಳೆಯ ಒಳ್ಳೆಯ ಪ್ರತಿ ಉಳಿದಿರುತ್ತೆ. ಸಾಧ್ಯವಾದರೆ ಒಂದು ಬೆಂಗಳೂರಲ್ಲಿ, ಒಂದು ಊರಲ್ಲಿ. ಹಬ್ಬಕ್ಕೆ ಊರಿಗೆ ಹೋದಾಗ ಅದಲು ಬದಲು ಮಾಡಿಕೊಂಡು ಬನ್ನಿ. ಪುಟ್ಟ ಚೀಟಿ ಅಂಟಿಸಿ ತಾರೀಖು ಬರೆಯಿರಿ.

ಇದನ್ನು ನೀವು ಫೋನ್‌ನಲ್ಲಿ ಓದುತ್ತಿದ್ದೀರಿ, ಬಹುಶಃ ಮೆಟ್ರೋದಲ್ಲೋ ಬಸ್ಸಿನಲ್ಲೋ. ಅದೇ ಫೋನ್‌ನಲ್ಲಿ ಯಾರದೋ ಒಂದು ವಾಯ್ಸ್ ಮೆಸೇಜ್ ಇರುತ್ತೆ, ಆ ದನಿ ಇನ್ನು ಬೇರೆಲ್ಲೂ ಕೇಳಿಸಲ್ಲ. ಈ ಭಾನುವಾರ ಕೇಬಲ್ ಹಾಕಿ ಅದನ್ನು ಲ್ಯಾಪ್‌ಟಾಪ್‌ಗೆ ಇಳಿಸಿ, ಅಲ್ಲಿಂದ ಪೆನ್‌ಡ್ರೈವ್‌ಗೆ ಹಾಕಿ. ಆಮೇಲೆ ಪೆನ್‌ಡ್ರೈವ್‌ನಿಂದಲೇ ಅದನ್ನು ಒಂದು ಸಲ ಪೂರ್ತಿ ಕೇಳಿ.