ಕೊಂಡದ್ದೋ, ಬಂದದ್ದೋ?

‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ’ ಎಂದು ನಮ್ಮಲ್ಲೊಂದು ಗಾದೆ. ಬಿಟ್ಟಿ ಬಂದ ಬಟ್ಟೆಯನ್ನು ಅಳೆದು ನೋಡುವವರಿಗೆ ಕೃತಜ್ಞತೆಯಿಲ್ಲ ಎನ್ನುವುದು ಅದರ ಕುಟುಕು. ಸಂಸಾರದೊಳಗೆ ಇದು ಸರಿಯಾದ ಮಾತೇ. ತವರಿನಿಂದ ಬಂದ ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ಬೆಲೆ ಕಟ್ಟುವುದು ಯಾರಿಗೂ ಶೋಭೆಯಲ್ಲ. ಆದರೆ ಈಗ ನಮ್ಮ ನಡುವೆ ಹೊಸದೊಂದು ಉದ್ಯೋಗ ಹುಟ್ಟಿಕೊಂಡಿದೆ. ಕಂಪನಿಗಳು ಕಳಿಸಿಕೊಟ್ಟ ಮಿಕ್ಸಿ, ತವಾ, ಸೀರೆ, ಮಸಾಲೆಪುಡಿ, ಮುಖಕ್ಕೆ ಹಚ್ಚುವ ಕ್ರೀಮು ಇವನ್ನೆಲ್ಲ ಮೊಬೈಲಿನ ಮುಂದೆ ಹಿಡಿದು, ‘ನಾನು ಬಳಸಿ ನೋಡಿದ್ದೇನೆ, ಕಣ್ಣು ಮುಚ್ಚಿ ತಗೊಳ್ಳಿ’ ಎಂದು ಹೇಳುವ ಉದ್ಯೋಗ. ಈ ಉದ್ಯೋಗದ ಮೊದಲ ಕರ್ತವ್ಯವೇ ಮೊಳ ಹಾಕುವುದು! ದಟ್ಟಿ ಕೊಟ್ಟವರ ಮುಲಾಜಿನಲ್ಲಿ ಇರುವವರು ಮೊಳ ಹಾಕುವುದು ಹೇಗೆ?

ಮೊದಲೇ ಹೇಳಿಬಿಡುತ್ತೇನೆ, ಹೆಣ್ಣುಮಕ್ಕಳ ಈ ದುಡಿಮೆಯ ಮೇಲೆ ನನಗೆ ಕೋಪವಿಲ್ಲ. ಇಷ್ಟು ವರ್ಷ ಬೇಯಿಸಿ ಬಡಿಸಿದ ಕೈಗೆ ಯಾರೂ ನಾಲ್ಕು ಕಾಸು ಕೊಟ್ಟವರಲ್ಲ. ಯಾವ ಕುಕ್ಕರಿನ ಗ್ಯಾಸ್ಕೆಟ್ ಬೇಗ ಸಡಿಲವಾಗುತ್ತದೆ, ಯಾವ ತವಾದಿಂದ ನೀರುದೋಸೆ ಹರಿಯದೆ ಏಳುತ್ತದೆ, ಯಾವ ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಡುತ್ತದೆ ಎಂಬ ವಿದ್ಯೆ ನಮಗೆ ಅನುಭವದಿಂದ ಬಂದದ್ದು. ಆ ವಿದ್ಯೆಗೆ ಈಗಲಾದರೂ ಬೆಲೆ ಬಂದಿದ್ದರೆ ಸಂತೋಷವೇ. ಶಿರಸಿಯ, ಹಾವೇರಿಯ, ಚಿಂತಾಮಣಿಯ ಗೃಹಿಣಿಯೊಬ್ಬಳು ತನ್ನ ಅಡುಗೆಮನೆಯಲ್ಲಿ ನಿಂತೇ ಸಂಪಾದಿಸಬಲ್ಲಳಾದರೆ ಸಂಪಾದಿಸಲಿ. ಕಂಪನಿಯಿಂದ ಮಿಕ್ಸಿ ಪಡೆಯಲಿ, ಮೇಲೆ ಹಣವನ್ನೂ ಪಡೆಯಲಿ. ನನ್ನ ತಕರಾರು ಒಂದೇ. ಪಡೆದದ್ದನ್ನು ಮುಚ್ಚಿಡುವುದೇಕೆ?

ಮುಚ್ಚಿಡುವ ಜಾಣತನವನ್ನಾದರೂ ನೋಡಿ. ‘ಬಹಳ ದಿನದಿಂದ ಇಂಥದ್ದೊಂದು ಬೇಕಿತ್ತು, ಮೊನ್ನೆ ತರಿಸಿಕೊಂಡೆ’ ಎನ್ನುತ್ತಾರೆ. ತರಿಸಿಕೊಂಡದ್ದು ನಿಜ. ದುಡ್ಡು ಯಾರು ಕೊಟ್ಟರು ಎಂಬುದು ಮಾತ್ರ ಆ ಮಾತಿನೊಳಗೆ ಸೆರಗು ಹೊದ್ದು ಕೂತಿರುತ್ತದೆ. ಇನ್ನು ಕೆಲವರು ಕನ್ನಡದಲ್ಲಿ ಹತ್ತು ನಿಮಿಷ ಬಾಯಿತುಂಬ ಹೊಗಳಿ, ಸತ್ಯವನ್ನು ಮಾತ್ರ ಒಂದೇ ಒಂದು ಇಂಗ್ಲಿಷ್ ಪದದಲ್ಲಿ, ಕೆಳಗಿನ ಇಪ್ಪತ್ತು ಪದಗಳ ರಾಶಿಯಲ್ಲಿ ಹುದುಗಿಸಿಡುತ್ತಾರೆ. ಅಕ್ಕಿಯಲ್ಲಿ ಕಲ್ಲು ಹುಡುಕಿ ಗೊತ್ತಿರುವ ನಮಗೂ ಅದು ಕಣ್ಣಿಗೆ ಬೀಳುವುದಿಲ್ಲ.

ಉಡುಗೊರೆ ಎಂದರೇನೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಮದುವೆಮನೆಯಲ್ಲಿ ಮುಯ್ಯಿ ಬರೆಯುವವರೊಬ್ಬರು ಪುಸ್ತಕ ಹಿಡಿದು ಕೂತಿರುತ್ತಾರೆ. ಯಾರು ಎಷ್ಟು ಹಾಕಿದರು, ಯಾರು ಯಾವ ಪಾತ್ರೆ ತಂದರು, ಎಲ್ಲವೂ ಹೆಸರು ಸಮೇತ ದಾಖಲು. ಏಕೆ ಹೇಳಿ? ನಾಳೆ ಅವರ ಮನೆಯ ಶುಭಕಾರ್ಯಕ್ಕೆ ಅದನ್ನು ತೀರಿಸಬೇಕು. ಮುಯ್ಯಿ ಒಂದು ಸಿಹಿಯಾದ ಸಾಲ. ಕಂಪನಿ ಕಳಿಸಿದ ಮಿಕ್ಸಿಯೂ ಮುಯ್ಯಿಯೇ. ಆದರೆ ಕಂಪನಿಯ ಮನೆಯಲ್ಲಿ ಮದುವೆ ಮುಂಜಿಗಳಿಲ್ಲವಾದ್ದರಿಂದ ಅದನ್ನು ಹೊಗಳಿಕೆಯಲ್ಲಿ ತೀರಿಸಬೇಕು. ಆ ಹೊಗಳಿಕೆಯನ್ನು ನಂಬಿ, ತಿಂಗಳ ಖರ್ಚಿನಲ್ಲಿ ಉಳಿಸಿದ ದುಡ್ಡು ಕೊಟ್ಟು ಮಿಕ್ಸಿ ಕೊಳ್ಳುವವರು ಯಾರು? ನೀವು. ಅಂದರೆ ಅವಳ ಮುಯ್ಯಿಯನ್ನು ನೀವು ತೀರಿಸುತ್ತಿದ್ದೀರಿ. ಮುಯ್ಯಿ ಪುಸ್ತಕವನ್ನು ಮಾತ್ರ ನಿಮಗೆ ಯಾರೂ ತೋರಿಸುವುದಿಲ್ಲ.

ನಮ್ಮ ಕನ್ನಡ ಪತ್ರಿಕೆಗಳು ಈ ವಿಷಯದಲ್ಲಿ ಒಂದು ಒಳ್ಳೆಯ ರೂಢಿ ಇಟ್ಟುಕೊಂಡು ಬಂದವು. ವಿಮರ್ಶೆಗೆಂದು ಬಂದ ಪುಸ್ತಕಗಳನ್ನು ‘ಸಾದರ ಸ್ವೀಕಾರ’ ಎಂಬ ತಲೆಬರಹದ ಕೆಳಗೆ ಲೇಖಕರು, ಪ್ರಕಾಶಕರು, ಬೆಲೆ ಸಮೇತ ಅಚ್ಚು ಹಾಕುತ್ತಿದ್ದವು. ಪುಸ್ತಕ ಪುಕ್ಕಟೆ ಬಂದದ್ದೆಂದು ಓದುವವರಿಗೆಲ್ಲ ಗೊತ್ತು. ಅದರಿಂದ ವಿಮರ್ಶಕರ ಮರ್ಯಾದೆಯೇನೂ ಹೋಗಲಿಲ್ಲ. ನೂರಿನ್ನೂರು ರೂಪಾಯಿಯ ಪುಸ್ತಕಕ್ಕೆ ಇದ್ದ ಈ ಶಿಷ್ಟಾಚಾರ ಐದು ಸಾವಿರದ ಮಿಕ್ಸಿಗೆ ಬೇಡವೇ?

‘ಬಿಟ್ಟಿ ಬಂದರೇನು, ನಾನು ಇದ್ದದ್ದನ್ನು ಇದ್ದ ಹಾಗೇ ಹೇಳುತ್ತೇನೆ’ ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿ ವಾದಿಸುವವರಿದ್ದಾರೆ. ಅವರ ಮನಸ್ಸು ಶುದ್ಧವೆಂದೇ ಇಟ್ಟುಕೊಳ್ಳೋಣ. ಆದರೂ ಕೊಂಡ ಮಿಕ್ಸಿಗೂ ಬಂದ ಮಿಕ್ಸಿಗೂ ವ್ಯತ್ಯಾಸವಿದೆ. ಅಂಗಡಿಯಲ್ಲಿ ನಮಗೆ ಸಿಗುವುದು ಸಾಲಿನಲ್ಲಿದ್ದ ಯಾವುದೋ ಒಂದು. ಹೊಗಳುವವರ ಮನೆಗೆ ಹೋಗುವುದನ್ನು ಕಂಪನಿಯವರು ಆರಿಸಿ, ಒರೆಸಿ ಕಳಿಸಬಹುದು. ಕೆಟ್ಟಾಗ ಸರ್ವಿಸ್ ಸೆಂಟರಿನ ಬಾಗಿಲಲ್ಲಿ ಚೀಟಿ ಹಿಡಿದು ಕಾಯುವ ಸಂಕಟ ಅವರಿಗಿಲ್ಲ, ನಮಗಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಜೇಬಿನಿಂದ ದುಡ್ಡು ಕೊಟ್ಟವಳ ನಾಲಿಗೆಯ ರುಚಿಯೇ ಬೇರೆ. ದುಡ್ಡು ಕೊಟ್ಟ ಬದನೆಕಾಯಿಯಲ್ಲಿ ಹುಳ ಕಂಡರೆ ನಾವು ತರಕಾರಿಯವನನ್ನು ಬೀದಿಗೆ ಕೇಳುವಂತೆ ಬೈಯುತ್ತೇವೆ. ಪಕ್ಕದ ಮನೆಯವರು ಪ್ರೀತಿಯಿಂದ ಕೊಟ್ಟ ಬದನೆಕಾಯಿಯಲ್ಲಿ ಹುಳ ಕಂಡರೆ ಸುಮ್ಮನೆ ಹೆಚ್ಚಿ ಎಸೆಯುತ್ತೇವೆ. ಇದು ಮನುಷ್ಯ ಸ್ವಭಾವ. ಅಮೆರಿಕದಲ್ಲಿ 1936ರಲ್ಲಿ ಶುರುವಾದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆಯವರು ಈ ಸ್ವಭಾವವನ್ನು ಬಲ್ಲವರು. ಪರೀಕ್ಷಿಸುವ ವಸ್ತುವನ್ನು ಸಾಮಾನ್ಯ ಗಿರಾಕಿಯಂತೆ ಅಂಗಡಿಯಲ್ಲಿ ದುಡ್ಡು ಕೊಟ್ಟೇ ತರುವುದು ಅವರ ನಿಯಮ.

ಮಿಕ್ಸಿ ಕೆಟ್ಟರೆ ದುಡ್ಡು ಹೋಗುತ್ತದೆ, ಅಷ್ಟೆ. ಮುಖಕ್ಕೆ ಹಚ್ಚುವುದು, ಹೊಟ್ಟೆಗೆ ತಿನ್ನುವುದು ಹಾಗಲ್ಲ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೂತ್ರಪಿಂಡದ ಒಂದು ಬಗೆಯ ಕಾಯಿಲೆಯ 22 ಪ್ರಕರಣಗಳನ್ನು ವೈದ್ಯರು ಗುರುತಿಸಿದರು. ಅವುಗಳಲ್ಲಿ 15 ಮಂದಿಯದು ಆ ಕಾಯಿಲೆಯಲ್ಲೇ ಅಪರೂಪದ ಮಾದರಿ. ಆ 15 ಮಂದಿಯಲ್ಲಿ 13 ಮಂದಿ ಮೈ ಬೆಳ್ಳಗಾಗುವ ಕ್ರೀಮು ಹಚ್ಚಿಕೊಳ್ಳುತ್ತಿದ್ದವರು. ವೈದ್ಯರು ಬೊಟ್ಟು ಮಾಡಿದ್ದು ಇಂಥ ಕ್ರೀಮುಗಳಲ್ಲಿರುವ ಪಾದರಸದ ಕಡೆಗೆ. ಅವರು ಯಾರ ಮಾತು ಕೇಳಿ ಕೊಂಡಿದ್ದರೋ, ಆ ಪ್ರಶ್ನೆ ಬೇರೆ. ನಾನು ಹೇಳುವುದಿಷ್ಟೇ: ಪಾದರಸದ ಕ್ರೀಮು ಮೊದಲು ಮುಖವನ್ನು ಬೆಳ್ಳಗೆ ಮಾಡಿಯೇ ತೋರಿಸುತ್ತದೆ. ಮೂತ್ರಪಿಂಡದ ಸುದ್ದಿ ಆಮೇಲೆ. ಬಿಟ್ಟಿ ಬಂದ ಡಬ್ಬಿಯನ್ನು ವಾರವೊಪ್ಪತ್ತು ಹಚ್ಚಿ ‘ನನ್ನ ಮುಖ ನೋಡಿ’ ಎನ್ನುವವಳು ಸುಳ್ಳು ಹೇಳುತ್ತಿಲ್ಲದೆಯೂ ಇರಬಹುದು. ಆದರೆ ಡಬ್ಬಿ ಎಲ್ಲಿಂದ ಬಂತೆಂದು ಗೊತ್ತಿದ್ದರೆ, ಹದಿನಾರರ ಹುಡುಗಿಯೊಬ್ಬಳು ಅದನ್ನು ಕೊಳ್ಳುವ ಮುಂಚೆ ಒಂದು ಗಳಿಗೆ ತಡೆದಾಳು. ಆ ಒಂದು ಗಳಿಗೆಯನ್ನು ಅವಳಿಂದ ಕಸಿದುಕೊಳ್ಳುವ ಹಕ್ಕು ಯಾರಿಗೂ ಇಲ್ಲ.

‘ಹಾಗೆಲ್ಲ ಹೇಳಿದರೆ ಕಂಪನಿಯವರು ಕಳಿಸುವುದನ್ನೇ ನಿಲ್ಲಿಸುತ್ತಾರೆ’ ಎಂಬುದು ಮುಂದಿನ ಅಳಲು. ಪಾಪ! ಹೊಗಳಿದವರಿಗೆ ಪಾರ್ಸೆಲ್ ಬರುತ್ತದೆ; ತೆಗಳಿದವರಿಗೆ ಏನು ಬರುತ್ತದೆ ಗೊತ್ತೇ? 2023ರ ಏಪ್ರಿಲ್‌ನಲ್ಲಿ ಯುವಕನೊಬ್ಬ ಬೋರ್ನ್‌ವಿಟಾದಲ್ಲಿರುವ ಸಕ್ಕರೆಯ ಬಗ್ಗೆ ವಿಡಿಯೊ ಮಾಡಿದಾಗ ಕಂಪನಿಯಿಂದ ಬಂದದ್ದು ಲಾಯರ್ ನೋಟಿಸು. ಆತ ವಿಡಿಯೊ ತೆಗೆದುಹಾಕಿ ಕ್ಷಮೆ ಕೇಳಿದ. ಒಂದು ಕಡೆ ಬೆಲ್ಲ, ಇನ್ನೊಂದು ಕಡೆ ಬೆತ್ತ. ಇಂಥ ತಕ್ಕಡಿಯಲ್ಲಿ ತೂಗಿದ ಮಾತನ್ನು ನಾವು ಸರಿತೂಕವೆಂದು ನಂಬಬೇಕಂತೆ!

ಇದು ಬರೀ ಶಿಷ್ಟಾಚಾರದ ಮಾತೂ ಅಲ್ಲ. ಜಾಹೀರಾತು ಗುಣಮಟ್ಟ ಮಂಡಳಿಯು 2021ರ ಜೂನ್ 14ರಿಂದಲೇ ಇಂಥ ವಿಡಿಯೊಗಳಿಗೆ ‘ಜಾಹೀರಾತು’, ‘ಉಚಿತ ಕೊಡುಗೆ’ ಎಂಬಂಥ ಗುರುತು ಹಾಕಬೇಕೆಂದು ನಿಯಮ ಮಾಡಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದಾರಿ ತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. 2023ರ ಜನವರಿ 20ರಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಹೊರಡಿಸಿದ ಸೂಚನೆಯಂತೂ ಇನ್ನೂ ಸ್ಪಷ್ಟ. ಹಣ ಮಾತ್ರವಲ್ಲ, ಬಿಟ್ಟಿ ವಸ್ತು, ರಿಯಾಯಿತಿ, ಪ್ರವಾಸ, ಹೋಟೆಲ್ ವಾಸ, ಕಂಪನಿಯಲ್ಲಿರುವ ನೆಂಟಸ್ತಿಕೆ ಎಲ್ಲವನ್ನೂ ಹೇಳಬೇಕು. ವಿಡಿಯೊದಲ್ಲಾದರೆ ಬರಹದಲ್ಲೂ ತೋರಿಸಬೇಕು, ಬಾಯಿಬಿಟ್ಟೂ ಹೇಳಬೇಕು. ಹೊಗಳಿದ ಭಾಷೆಯಲ್ಲೇ ಹೇಳಬೇಕು. ಕನ್ನಡದಲ್ಲಿ ಹೊಗಳಿದರೆ ಕನ್ನಡದಲ್ಲೇ ಒಪ್ಪಿಕೊಳ್ಳಬೇಕು.

ಆದಾಯ ತೆರಿಗೆಯವರ ಕಣ್ಣು ಇನ್ನೂ ಚುರುಕು. ವ್ಯವಹಾರದ ಸಂಬಂಧವಾಗಿ ಒಬ್ಬರಿಗೆ ವರ್ಷದಲ್ಲಿ 20,000 ರೂಪಾಯಿ ಮೀರಿದ ಕೊಡುಗೆ ಕೊಟ್ಟರೆ ಶೇಕಡಾ 10ರಷ್ಟು ತೆರಿಗೆ ಕಡಿಯಬೇಕೆಂಬ ನಿಯಮ 2022ರ ಜುಲೈ 1ರಿಂದ ಬಂತು. ಅದರ ಬಗ್ಗೆ ಅದೇ ಜೂನ್ 16ರಂದು ಹೊರಟ ಸುತ್ತೋಲೆ, ವಿಡಿಯೊ ಮಾಡಿದ ಮೇಲೆ ವಸ್ತುವನ್ನು ಕಂಪನಿಗೆ ಮರಳಿಸಿದರೆ ಅದು ಲಾಭವಲ್ಲ, ಇಟ್ಟುಕೊಂಡರೆ ಲಾಭ ಎಂದಿತು. ಎಷ್ಟು ಸರಳ ನೋಡಿ! ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಆ ಮಿಕ್ಸಿಗೆ ಜಾಗವಿದೆ. ಗುಟ್ಟಾಗಿ ಉಳಿಯುವುದು ‘ಅಕ್ಕಾ’ ಎಂದು ಕರೆದು, ನಂಬಿ, ದುಡ್ಡು ತೆತ್ತವಳಿಗೆ ಮಾತ್ರ.

ಹೇಳುವವರು ತಾವಾಗಿ ಹೇಳುತ್ತಾರೆಂದು ಕಾಯುವ ಅಗತ್ಯ ನಮಗಿಲ್ಲ. ಕೇಳೋಣ. ಮಾರುಕಟ್ಟೆಯಲ್ಲಿ ಕೊತ್ತಂಬರಿ ಕಟ್ಟಿಗೂ ನಾಲ್ಕು ಪ್ರಶ್ನೆ ಕೇಳುವ ನಾವು, ಮೊಬೈಲಿನಲ್ಲಿ ಚಂದದ ಮುಖವೊಂದು ಅಕ್ಕರೆಯಿಂದ ಮಾತಾಡಿದೊಡನೆ ಮೂಕರಾಗುವುದೇಕೆ? ಆ ವಿಡಿಯೊದ ಕೆಳಗೆ ಎರಡೇ ಎರಡು ಪದ ಬರೆಯಿರಿ: ‘ಕೊಂಡದ್ದೋ, ಬಂದದ್ದೋ?’ ಹತ್ತು ಜನ ಬರೆದರೆ ಅಳಿಸಿಹಾಕಿಯಾರು. ಸಾವಿರ ಜನ ಬರೆದರೆ ಉತ್ತರ ಕೊಡಲೇಬೇಕಾಗುತ್ತದೆ. ಮೋಸ ಹೋದದ್ದು ಖಚಿತವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ದೂರು ಕೊಡಿ.

ಹೇಳುವವರಿಗೂ ಇದರಲ್ಲಿ ನಷ್ಟವಿಲ್ಲ. ‘ಇದು ಕಂಪನಿ ಕಳಿಸಿದ್ದು, ನಾನು ದುಡ್ಡು ಕೊಟ್ಟಿಲ್ಲ. ಜಾರು ಚೆನ್ನಾಗಿದೆ, ಸದ್ದು ಜಾಸ್ತಿ’ ಎಂದು ಶುರುವಿಗೇ ಹೇಳುವವಳ ಮಾತನ್ನು ನಾನಂತೂ ನಂಬುತ್ತೇನೆ. ಹಾಗೆ ಹೇಳಲು ಬಾಯಿ ಬಾರದಿದ್ದರೆ ಪಾರ್ಸೆಲನ್ನು ವಾಪಸು ಕಳಿಸಲಿ. ಮಿಕ್ಸಿ ಇಂದಲ್ಲ ನಾಳೆ ಕೆಡುವಂಥದ್ದು. ಊರ ಹೆಂಗಸರ ನಂಬಿಕೆ ಅದಕ್ಕಿಂತ ದೊಡ್ಡ ಆಸ್ತಿ. ಅದು ಒಮ್ಮೆ ಕೆಟ್ಟರೆ ಯಾವ ಸರ್ವಿಸ್ ಸೆಂಟರಿನಲ್ಲೂ ರಿಪೇರಿಯಿಲ್ಲ.